ಪವಾಡಕ್ಕೆ ಮತ್ತೆ ಪಟ್ಟಾಭಿಷೇಕ!

ಮೋಸವನ್ನು ಬಯಲಿಗೆಳೆಯಲು ಹೊರಟವನೇ ಕೊನೆಗೆ ಮೋಸಕ್ಕೆ ಮಣೆ ಹಾಕಿದರೆ ಏನೆನ್ನಬೇಕು? ಸ್ಪೇನ್ ದೇಶದ ರೋಡ್ರಿಗೋ ಕೋರ್ಟೆಸ್ ನಿರ್ದೇಶಿಸಿ 2012ರಲ್ಲಿ ತೆರೆಕಂಡ ‘ರೆಡ್ ಲೈಟ್ಸ್’ ಎಂಬ ಇಂಗ್ಲಿಷ್ ಚಿತ್ರ ಮಾಡಿರುವುದು ಇದನ್ನೇ.

ಚಿತ್ರದ ಪೂರ್ವಾರ್ಧವನ್ನು ಮೆಚ್ಚಲೇಬೇಕು. ಭೂತ, ಪ್ರೇತ, ದಿವ್ಯದೃಷ್ಟಿಗಳ ಹೆಸರಿನಲ್ಲಿ ಜನರನ್ನು ವಂಚಿಸುವವರ ಬೆನ್ನು ಹತ್ತಿದ ವಿಜ್ಞಾನಿಯಾಗಿ ಸಿಗೋರ್ನಿ ವೀವರ್, ಆಕೆಯ ಸಹಾಯಕನಾಗಿ ಕಿಲಿಯನ್ ಮರ್ಫಿ ನಟಿಸಿದ್ದಾರೆ. ಪ್ರಾರ್ಥನೆಯಿಂದ ರೋಗ ವಾಸಿಮಾಡುವೆನೆಂದು ಸಭೆ ನಡೆಸುವವನ ಕಿವಿಗೆ ಭಕ್ತರ ಗುಟ್ಟು ರೇಡಿಯೋ ಮೂಲಕ ಬರುತ್ತಿರುವುದನ್ನು ಅವರು ಹಿಡಿಯುತ್ತಾರೆ.

ಇದು ಬರಿಯ ಕಟ್ಟುಕತೆಯಲ್ಲ. ಅಮೆರಿಕದಲ್ಲಿ ಪೀಟರ್ ಪಾಪಾಫ್ ಎಂಬ ಧರ್ಮಬೋಧಕ ಹೀಗೆಯೇ ಮಾಡುತ್ತಿದ್ದ. ಭಕ್ತರು ಬರೆದುಕೊಟ್ಟ ಚೀಟಿಗಳನ್ನು ಆತನ ಹೆಂಡತಿ ಮರೆಯಲ್ಲಿ ಕುಳಿತು ಓದುತ್ತಿದ್ದಳು. ಆತ ಅದನ್ನೇ ದೈವವಾಣಿಯೆಂದು ಒದರುತ್ತಿದ್ದ. ಜಾದೂಗಾರ ಜೇಮ್ಸ್ ರಾಂಡಿ ಮತ್ತು ಸಂಗಡಿಗರು 39.17 ಮೆಗಾಹರ್ಟ್ಸಿನಲ್ಲಿ ಆ ಮಾತನ್ನು ಹಿಡಿದು, 1986ರಲ್ಲಿ ಟೆಲಿವಿಷನ್ನಿನಲ್ಲಿ ನಾಡಿಗೆಲ್ಲ ಕೇಳಿಸಿದರು. ಮರುವರ್ಷ ಪಾಪಾಫ್ ದಿವಾಳಿ ಅರ್ಜಿ ಹಾಕಿದ. ಆದರೆ ಮುಂದೆ ಅದೇ ಟೆಲಿವಿಷನ್ನಿಗೆ ಮರಳಿ, ‘ಪವಾಡದ ನೀರಿ’ನ ಹೆಸರಿನಲ್ಲಿ ಕಾಣಿಕೆ ಎತ್ತತೊಡಗಿದ!

ನಿಜವಾದ ಕತೆ ಇಲ್ಲಿತ್ತು. ಬಯಲಾದ ಮೋಸ ಮತ್ತೇಕೆ ಚಿಗುರುತ್ತದೆ? ಔಷಧಿಗೆ ಹಣವಿಲ್ಲದವರು, ಸಾಲದಲ್ಲಿ ಮುಳುಗಿದವರು ಇರುವತನಕ ಪವಾಡದ ಅಂಗಡಿಗೆ ಗಿರಾಕಿಗಳು ತಪ್ಪುವುದಿಲ್ಲ. ಬಡವನ ಹತಾಶೆಯೇ ಆ ವ್ಯಾಪಾರದ ಬಂಡವಾಳ. ಚಿತ್ರ ಈ ಪ್ರಶ್ನೆಯನ್ನು ಕೊನೆಯವರೆಗೆ ಒಯ್ಯುವ ಧೈರ್ಯ ತೋರುವುದಿಲ್ಲ. ವಿಜ್ಞಾನಿಯನ್ನು ಕತೆಯ ನಡುವೆಯೇ ಸಾಯಿಸುತ್ತದೆ. ರಾಬರ್ಟ್ ಡಿ ನೀರೋ ನಟಿಸಿದ ‘ಕುರುಡ’ ಸಿದ್ಧಪುರುಷ ಕಣ್ಣುಳ್ಳ ಕಪಟಿಯೆಂದು ಬಯಲಾಗುವುದೇನೋ ಸರಿ. ಆದರೆ ಪರೀಕ್ಷಿಸಲು ಬಂದ ಸಹಾಯಕನಿಗೇ ಅತಿಮಾನುಷ ಶಕ್ತಿಯಿತ್ತೆಂದು ಸಾರಿ, ಮುಂಬಾಗಿಲಿನಿಂದ ಅಟ್ಟಿದ ದೆವ್ವವನ್ನು ಹಿಂಬಾಗಿಲಿನಿಂದ ಒಳಗೆ ಕರೆಯುತ್ತದೆ.

ಬೆಚ್ಚಿಬೀಳಿಸಿ ಚಪ್ಪಾಳೆ ಗಿಟ್ಟಿಸಲು ಸತ್ಯವನ್ನು ಮಾರಿಕೊಂಡಂತಾಯಿತು. ಪರೀಕ್ಷೆ ಮಾಡಿ ನೋಡುವುದು ಶ್ರಮಜೀವಿಯ ಕೈಯಲ್ಲಿರುವ ದೊಡ್ಡ ಆಯುಧ. ನಮ್ಮ ರಾಜ್ಯದಲ್ಲಿಯೇ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಆ ಆಯುಧವನ್ನು ಬಳಸುವ ದಾರಿ ತೋರಿದರು. ತಕ್ಕಡಿಯ ಮುಳ್ಳು ನೋಡದೆ ಸರಕು ಕೊಳ್ಳದ ವರ್ತಕರು, ಲೆಕ್ಕ ನೋಡದೆ ಸಂಬಳಕ್ಕೆ ರುಜು ಹಾಕದ ಕಾರ್ಮಿಕರು, ಪವಾಡವೊಂದನ್ನೇ ಪರೀಕ್ಷೆಯಿಲ್ಲದೆ ಏಕೆ ಒಪ್ಪಬೇಕು?