ಕಣ್ಣಿನ ಕಲೆ: ಕಸಿಗಿಂತ ಮೊದಲಿನ ಕರ್ತವ್ಯ

2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ಅಸ್ತಂಗತರಾದಾಗ, ಅವರ ನೇತ್ರಗಳ ಕಾರ್ನಿಯಾವನ್ನು ಬೆಂಗಳೂರಿನ ವೈದ್ಯರು ಮುಂಪದರ ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿಯನ್ನು ಮರಳಿಸಿದ ವಾರ್ತೆಯು, ನಾಡಿನ ಅಸಂಖ್ಯ ಜನರನ್ನು ನೇತ್ರದಾನದ ಸಂಕಲ್ಪಕ್ಕೆ ಪ್ರೇರಿಸಿತು. ಆ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಸೋಂಕಿನಿಂದ ಕಣ್ಣು ಮಸುಕಾದವರ ವಿಷಯದಲ್ಲಿ ಕಸಿಯೆಂಬುದು ಕಡೆಯ ಆಸರೆ; ಅದಕ್ಕೂ ಮೊದಲು ಮಾಡತಕ್ಕುದನ್ನು ನಾವಿನ್ನೂ ಮಾಡಿಲ್ಲವೆಂಬುದು ನನ್ನ ಖೇದ.

ಮಧ್ಯದಲ್ಲಿ ಅರ್ಧ ಮಿಲಿಮೀಟರಿನಷ್ಟೇ ದಪ್ಪವಿರುವ ಕಾರ್ನಿಯಾವೆಂಬ ಈ ಪಟಲವು ಬೆಳಕನ್ನು ಬಾಗಿಸುವ ನೇತ್ರಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊತ್ತಿದೆ. ರಕ್ತನಾಳಗಳಿಲ್ಲದೆ, ಮಗ್ಗದ ಹಾಸಿನ ನೂಲಿನಂತೆ ಸಮಾನಾಂತರವಾಗಿ ಪವಡಿಸಿರುವ ಕೊಲಾಜೆನ್ ಎಳೆಗಳ ಶಿಸ್ತಿನಿಂದಲೇ ಅದಕ್ಕೆ ಆ ನಿರ್ಮಲತೆ. ಮೇಲ್ಪೊರೆಯಷ್ಟೇ ತರಚಿದ್ದರೆ ಗುರುತಿಲ್ಲದೆ ಮಾಯುತ್ತದೆ. ಸೋಂಕು ಆಳಕ್ಕಿಳಿದು ಎಳೆಗಳನ್ನು ಕರಗಿಸಿತೆಂದರೆ, ಹುಣ್ಣು ಮಾಗುವಾಗ ಹುಟ್ಟುವ ಎಳೆಗಳಿಗೆ ಆ ಕ್ರಮವಿರದೆ, ಬೆಳಕು ಅಲ್ಲಿ ಚದುರಿ, ಹಳ್ಳಿಯವರು ಹೂ ಬಿದ್ದಿದೆಯೆನ್ನುವ ಬಿಳಿಯ ಕಲೆ ಉಳಿದುಬಿಡುತ್ತದೆ. ಅಂಚಿನ ದಟ್ಟ ಕಲೆಗಿಂತ ಪಾಪೆಯೆದುರಿನ ತೆಳುಮಬ್ಬೇ ಎಷ್ಟೋ ವೇಳೆ ಹೆಚ್ಚು ಬಾಧಕ. ಅದು ಮೇಲ್ಮೈಯನ್ನು ಏರುತಗ್ಗಾಗಿಸುವುದರಿಂದ ಸಾಮಾನ್ಯ ಕನ್ನಡಕವೂ ಪ್ರಯೋಜನಕ್ಕೆ ಬಾರದು. ರಕ್ತನಾಳಗಳು ನುಗ್ಗಿದ ಕಲೆಯ ಕಣ್ಣಿನಲ್ಲಿಯಂತೂ ಕಸಿಯನ್ನು ದೇಹವು ತಿರಸ್ಕರಿಸುವ ಸಂಭವ ಅಧಿಕ.

ಈ ವಿಪತ್ತಿಗೆ ತುತ್ತಾಗುವವರಲ್ಲಿ ದುಡಿಯುವ ವಯಸ್ಸಿನವರು ಬಹಳ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತರೊಳಗಿನವರ ಅಂಧತ್ವಕ್ಕೆ ಕಾರ್ನಿಯಾದ ಮಸುಕೇ ಪ್ರಥಮ ಕಾರಣ. ಭತ್ತ ಬಡಿಯುವಾಗ ಸಿಡಿದ ಕಾಳೊಂದೋ ಕಬ್ಬಿನ ಗರಿಯ ಅಂಚೋ ತರಚಿದ ಕಣ್ಣಿನೊಳಕ್ಕೆ ಫ್ಯುಸೇರಿಯಂ, ಆಸ್ಪರ್‌ಜಿಲಸ್ ಮುಂತಾದ ಶಿಲೀಂಧ್ರಗಳು ಪ್ರವೇಶಿಸುತ್ತವೆ. ಕೂಲಿ ತಪ್ಪುವ ಭಯಕ್ಕೆ ಗಾಯಗೊಂಡ ಬಡವನು ಹರಳೆಣ್ಣೆಯನ್ನೋ ಸೊಪ್ಪಿನ ರಸವನ್ನೋ ಬಿಟ್ಟುಕೊಂಡು, ಕಡೆಗೆ ಔಷಧದ ಅಂಗಡಿಯ ಹನಿಮದ್ದನ್ನು ಆಶ್ರಯಿಸುತ್ತಾನೆ. ಆ ಹನಿಯಲ್ಲಿ ಸ್ಟೆರಾಯ್ಡ್ ಇದ್ದಲ್ಲಿ ಕೆಂಪು ಇಳಿದು ಗುಣವಾದಂತೆ ತೋರುತ್ತಿರುವಾಗಲೇ ಒಳಗೆ ಶಿಲೀಂಧ್ರವು ಪ್ರಬಲಿಸುತ್ತದೆ. ಬೇಕಾಗಿದ್ದ, ಶಿಲೀಂಧ್ರವನ್ನು ಕೊಲ್ಲುವ ನಾಟಮೈಸಿನ್ ಹನಿ ಅವನಿಗೆ ದೊರೆಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ನೇಪಾಳದ ಭಕ್ತಪುರದಲ್ಲಿ ಗ್ರಾಮದ ಕಾರ್ಯಕರ್ತರೇ ತರಚಿದ ಕಣ್ಣನ್ನು ಗುರುತಿಸಿ, ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದಾಗ ಬಹುತೇಕ ಎಲ್ಲರೂ ಹುಣ್ಣಿಲ್ಲದೆ ಪಾರಾದರೆಂಬ ವರದಿ 2001ರಲ್ಲಿ ಪ್ರಕಟವಾಯಿತು. ಆದರೆ ಹೋಲಿಕೆಗೆ ಬೇರೊಂದು ಗುಂಪು ಅಲ್ಲಿರಲಿಲ್ಲ. ಮುಂದೆ ಅದೇ ದೇಶದಲ್ಲಿ ಗ್ರಾಮಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಇಂಥ ಕಾರ್ಯಕರ್ತರನ್ನು ಒದಗಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಣ್ಣುಗಳ ಪ್ರಮಾಣ ತಗ್ಗಲಿಲ್ಲ. ಆದಕಾರಣ ಮುಲಾಮು ಹಂಚಿ ಕೈತೊಳೆದುಕೊಳ್ಳುವಂತಿಲ್ಲ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಗಾಯವನ್ನು ಹಸುರಾಗಿ ತೋರಿಸುವ ಫ್ಲೋರೆಸೀನ್ ಬಣ್ಣದ ಪಟ್ಟಿಯೂ ನೀಲಿ ದೀಪವೂ ಇರಬೇಕು. ಹುಣ್ಣಿನ ಶಂಕೆಯುಳ್ಳವರನ್ನು ಅಂದೇ ಜಿಲ್ಲಾಸ್ಪತ್ರೆಗೆ ಕಳುಹಿಸಬೇಕು. ಚೀಟಿಯಿಲ್ಲದೆ ಸ್ಟೆರಾಯ್ಡ್ ಹನಿಗಳನ್ನು ಮಾರಕೂಡದೆಂದು ಈಗಾಗಲೇ ಇರುವ ನಿಯಮವನ್ನು ಸರ್ಕಾರವು ನಿರ್ದಾಕ್ಷಿಣ್ಯವಾಗಿ ಜಾರಿಗೆ ತರಬೇಕು. ಓದುಗರಲ್ಲಿಯೂ ಒಂದು ಬಿನ್ನಹ: ಸುಗ್ಗಿಯ ದಿನಗಳಲ್ಲಿ ನಿಮ್ಮ ಹೊಲದಲ್ಲಿ ದುಡಿಯುವವರಾರಿಗಾದರೂ ಕಣ್ಣಿಗೆ ಗರಿಯೋ ಕಾಳೋ ತಾಗಿದರೆ, ಅಂದಿನ ಕೂಲಿಯನ್ನು ಹಿಡಿಯದೆ ಕೊಟ್ಟು, ಅಂದೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.