ಹಳದಿ ಹೂವಿಗೆ ಆ್ಯಪ್ ಕೊಟ್ಟ ಹೆಸರು ಸಾಕಾ?

ಮಳೆ ನಿಂತು ಅಕ್ಟೋಬರ್ ಬಂತೆಂದರೆ ಬಿಟಿಎಂ ಲೇಔಟ್‌ನಲ್ಲಿ ಕೂತ ನನ್ನ ವಾಟ್ಸಾಪ್ ತುಂಬ ಹಳದಿ ಹೂಗಳು. ಮುಳ್ಳಯ್ಯನಗಿರಿ ದಾರಿಯವು, ಮಡಿಕೇರಿ ರಸ್ತೆ ಬದಿಯವು, ಕಾಡಂಚಿನ ತೋಟದವು. ಜೊತೆಗೆ ಒಂದೇ ಪ್ರಶ್ನೆ: "ಆ್ಯಪ್ ಕಾಡು ಸೂರ್ಯಕಾಂತಿ ಅಂತಿದೆ ಅಣ್ಣಾ, ಹಸಿರೆಲೆ ಗೊಬ್ಬರಕ್ಕೆ ಹಾಕ್ಬಹುದಾ?"

ಹೂವಿನ ಮುಖ ನೋಡಿ ಹೇಳಿದ ಹೆಸರನ್ನು ನಂಬಿ ಯಾವ ಗಿಡವನ್ನೂ ಹೊಲಕ್ಕೆ, ಕೊಟ್ಟಿಗೆಗೆ ತರಬೇಡಿ ಅನ್ನೋದು ನನ್ನ ಅಭಿಪ್ರಾಯ. ಸೂರ್ಯಕಾಂತಿ ಕುಟುಂಬದಲ್ಲಿ ನಾವು 'ಒಂದು ಹೂ' ಅನ್ನೋದು ಹತ್ತಾರು ಪುಟ್ಟ ಹೂಗಳ ಗುಂಪು. ಮೇಲಿಂದ ಎಲ್ಲವೂ ಒಂದೇ ಥರ. ನಿಜವಾದ ಗುರುತು ಇರೋದು ಎಲೆಯಲ್ಲಿ, ಹೂವಿನ ಹಿಂಬದಿಯಲ್ಲಿ, ಬೀಜದಲ್ಲಿ.

ಹುಚ್ಚೆಳ್ಳು, ಅಂದರೆ ಗುರೆಳ್ಳು: ಕೆಳಗಿನ ಎಲೆಗಳು ಎದುರುಬದುರು, ಸೀಳಿಲ್ಲ. ಸಾಮಾನ್ಯವಾಗಿ 8 ಎಸಳು. ಹೊಳೆಯುವ ಕಪ್ಪು ಬೀಜ, ಅದಕ್ಕೆ ಕೂದಲಿಲ್ಲ.

ಟಿಥೋನಿಯಾ: ಆಳೆತ್ತರ ಮೀರುತ್ತದೆ. 3ರಿಂದ 5 ಸೀಳಿನ ಅಗಲ ಎಲೆ. ಹೂವಿನ ಕೆಳಗೆ ತೊಟ್ಟು ದಪ್ಪ, ಒಳಗೆ ಟೊಳ್ಳು. ಮೂಲ ಮೆಕ್ಸಿಕೊ, ಮಧ್ಯ ಅಮೆರಿಕ.

ಸೆನೆಸಿಯೊ: ಇವುಗಳಲ್ಲಿ ಕೆಲವು ನಮ್ಮ ಘಟ್ಟದವೇ, ಸೆನೆಸಿಯೊ ಬೆಲ್ಗೌಮೆನ್ಸಿಸ್ ಅನ್ನೋದಕ್ಕೆ ಬೆಳಗಾವಿಯ ಹೆಸರೇ ಇದೆ. ಹೂವಿನ ಹಿಂದೆ ಹಸಿರು ಪಕಳೆಗಳು ಮುಖ್ಯವಾಗಿ ಒಂದೇ ಸಾಲಿನಲ್ಲಿ. ಬೀಜಕ್ಕೆ ಸಾಮಾನ್ಯವಾಗಿ ರೇಷ್ಮೆಯಂಥ ಬಿಳಿ ಕೂದಲು.

ಈ ವ್ಯತ್ಯಾಸ ಯಾಕೆ ಮುಖ್ಯ? ಹುಚ್ಚೆಳ್ಳು ಎಣ್ಣೆ ಕೊಡುತ್ತದೆ, ಚಟ್ನಿಪುಡಿಯಾಗುತ್ತದೆ. ಟಿಥೋನಿಯಾ ಸೊಪ್ಪಿನಲ್ಲಿ ಸಾರಜನಕ, ಪೊಟ್ಯಾಶ್ ಚೆನ್ನಾಗಿದೆ, ಬೇಗ ಕೊಳೆಯುತ್ತದೆ. ಆದರೆ ಬೀಜದಿಂದಲೂ ಹರಡುತ್ತದೆ, ಕಾಂಡದ ತುಂಡಿನಿಂದಲೂ ಚಿಗುರುತ್ತದೆ. ಬೆಳೆದಿರುವ ಕಡೆ ಹೂ ಬಿಡುವ ಮೊದಲೇ ಎಳೆ ಸೊಪ್ಪು ಕೊಯ್ದು ಬಳಸಿ. ಇಲ್ಲದ ಊರಿಗೆ ಒಂದು ಕಡ್ಡಿಯನ್ನೂ ಒಯ್ಯಬೇಡಿ. ಸೆನೆಸಿಯೊ ಕುಲದ ಹಲವು ಗಿಡಗಳಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ವಿಷವಿದೆ. ಮೇವಿನ ಜೊತೆ ಸೇರಿದರೆ ದನದ ಯಕೃತ್ತು ನಿಧಾನವಾಗಿ ಹಾಳಾಗುತ್ತದೆ. ರೋಗ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ಆ್ಯಪ್ ಬಿಡಿ ಅಂತಿಲ್ಲ. ಅದನ್ನು ಮೊದಲ ಸುಳಿವು ಅಂತಷ್ಟೇ ತಗೊಳ್ಳಿ. ನಾಲ್ಕು ಫೋಟೊ ತೆಗೀರಿ: ಇಡೀ ಗಿಡ, ಎಲೆ ಕಾಂಡಕ್ಕೆ ಸೇರುವ ಜಾಗ, ಹೂವಿನ ಹಿಂಬದಿ, ಬಲಿತ ಬೀಜ. ಅವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ಊರಿನ ದನ ಕಾಯುವ ಅಜ್ಜನನ್ನೂ ಕೇಳಿ; ದನ ಯಾವ ಗಿಡ ಬಿಟ್ಟು ಮುಂದೆ ಹೋಗುತ್ತದೆ ಅನ್ನೋದು ಅವರಿಗೆ ಗೊತ್ತು.