ಮಗುವನ್ನು ಎಲ್ಲಿ ಮಲಗಿಸೋಣ?
ಚೊಚ್ಚಲ ಕೂಸಿನ ಅಪ್ಪ ಅಮ್ಮನಿಗೆ ಮಗು ಎತ್ತಿಕೊಳ್ಳುವುದಕ್ಕಿಂತ ಅದನ್ನು ಕೆಳಗಿಳಿಸುವುದೇ ದೊಡ್ಡ ಚಿಂತೆ. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಕೊರಿಯರ್‌ನವನು. ಅವಸರಕ್ಕೆ ಕಣ್ಣಿಗೆ ಬೀಳುವುದು ಮಂಚ. ಎರಡೂ ಬದಿಗೆ ದಿಂಬು ಇಟ್ಟು ಓಡುತ್ತೇವೆ. ಆ ದಿಂಬನ್ನು ದಯವಿಟ್ಟು ನಂಬಬೇಡಿ. ನಾಲ್ಕು ತಿಂಗಳ ಸುಮಾರಿಗೆ ಮಕ್ಕಳು ಮಗುಚಲು ಶುರು ಮಾಡುತ್ತವೆ, ಕೆಲವು ಇನ್ನೂ ಮೊದಲೇ. ಕೆಳಗೆ ಬೀಳದಿದ್ದರೂ, ಮೆತ್ತನೆಯ ದಿಂಬಿಗೆ ಮೂಗು ಒತ್ತಿಕೊಂಡರೆ ಬಿಡಿಸಿಕೊಳ್ಳುವ ಶಕ್ತಿ ಎಳೆಗೂಸಿನ ಕತ್ತಿಗೆ ಇರುವುದಿಲ್ಲ. ಸೋಫಾ ಇನ್ನೂ ಅಪಾಯ. ಮಗುವನ್ನು ಒರಗಿಸುವ ಬೌನ್ಸರ್ ಕುರ್ಚಿಯನ್ನು ಊಟದ ಮೇಜಿನ ಮೇಲಿಡುವುದಂತೂ ಬೇಡವೇ ಬೇಡ. ಮಗು ಕಾಲು ಬಡಿದಂತೆಲ್ಲ ಅದು ಇಷ್ಟಿಷ್ಟೇ ಅಂಚಿಗೆ ಜರುಗುತ್ತದೆ. ನಮ್ಮ ಅಜ್ಜಿಯರು ನೆಲಕ್ಕೆ ಚಾಪೆ ಹಾಸಿ, ಮೇಲೊಂದು ತೆಳು ಕೌದಿ ಹರಡಿ ಕೂಸನ್ನು ಮಲಗಿಸುತ್ತಿದ್ದರು. ಅದೇ ಸರಿ. ಇರುವೆ ನೋಡಿಕೊಂಡರಾಯಿತು, ಓಡಾಡುವ ದಾರಿಗೆ ಅಡ್ಡವಾಗದಿದ್ದರಾಯಿತು. ನಿದ್ದೆಗಾದರೆ ಯಾವಾಗಲೂ ಅಂಗಾತ: ಅಮೆರಿಕದ ಮಕ್ಕಳ ವೈದ್ಯರು 1992ರಲ್ಲಿ ಬೋರಲು ಮಲಗಿಸಬೇಡಿ ಎಂದು ಹೇಳಿದ ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಶಿಶುಗಳ ಹಠಾತ್ ಸಾವು ಸುಮಾರು ಅರ್ಧಕ್ಕಿಳಿಯಿತು. ದುಬಾರಿ ಸಾಮಾನು ಆಮೇಲೆ ಕೊಳ್ಳಿ. ಬಾಣಂತಿ ಕೋಣೆಯಲ್ಲೊಂದು, ನಡುಮನೆಯಲ್ಲೊಂದು ಚಾಪೆ ಇವತ್ತೇ ಹಾಸಿಡಿ.